ಮುದ್ರೆ ಸಾಹೇಬರ ನಲವತ್ತು

ಆ ಬೀದಿಯಲ್ಲಿ ಮುದ್ರೆ ಸಾಹೇಬರಿಗೆ ಹೆದರದವರು ಎರಡೇ ಜನ. ಒಬ್ಬರು ಅವರ ಹೆಂಡತಿ ಟೈಲರಮ್ಮ, ಇನ್ನೊಬ್ಬರು ಅವರ ಹಳೆಯ ಕಾರು. ಕಾರನ್ನು ಜನರ ಲೆಕ್ಕಕ್ಕೆ ಸೇರಿಸುವುದು ಸರಿಯೇ ಎಂದು ಕೇಳಬೇಡಿ, ಸಾಹೇಬರ ಮನೆಯಲ್ಲಿ ಸೇರಿಸುತ್ತಿದ್ದರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಂಗಡಿಯವರ ತಕ್ಕಡಿ, ತೂಕದ ಕಲ್ಲು, ಲೀಟರಿನ ಡಬ್ಬ, ಬಟ್ಟೆ ಅಳೆಯುವ ಸರಳು ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಸರ್ಕಾರದ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕಿತ್ತುಕೊಂಡು ಹೋಗುವುದು ಅವರ ಕೆಲಸ. ಹೆಸರು ಬಂದದ್ದು ಆ ಮುದ್ರೆಯಿಂದಲೇ. ನಿವೃತ್ತಿ ಆದದ್ದು ಇಲಾಖೆಯ ಲೆಕ್ಕದಲ್ಲಿ ಮಾತ್ರ. ಸಾಹೇಬರು ಚೀಲ ಹಿಡಿದು ಮಾರುಕಟ್ಟೆಗೆ ಕಾಲಿಟ್ಟರೆ ತರಕಾರಿಯವರು ಈಗಲೂ ಕೇಳದೆಯೇ ಒಂದು ಹೆಚ್ಚಿನ ಟೊಮೇಟೊ ಹಾಕುತ್ತಿದ್ದರು. ಸಾಹೇಬರು ಅದನ್ನು ತೆಗೆದು ವಾಪಸ್ ಇಡುತ್ತಿದ್ದರು. ಕಡಿಮೆ ಕೊಡುವುದು ಹೇಗೆ ತಪ್ಪೋ ಹೆಚ್ಚು ಕೊಡುವುದೂ ಹಾಗೆಯೇ ತಪ್ಪು ಎಂದು ಭಾಷಣ ಬೇರೆ. ಹಿಂದೆ ನಿಂತವರು ಬಿಸಿಲಿನಲ್ಲಿ ಬೇಯುತ್ತ ಅದನ್ನು ಕೇಳಬೇಕಿತ್ತು.

ಮನೆಯವರಿಗೆ ರಿಯಾಯಿತಿ ಇತ್ತೆಂದುಕೊಂಡರೆ ಅದೂ ಸುಳ್ಳು. ಟೈಲರಮ್ಮ ಮುಂಭಾಗದ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯ ಅರ್ಧ ಜನರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಆಕೆಯ ಅಳತೆ ಟೇಪನ್ನು ಸಾಹೇಬರು ಆಗಾಗ ಎಳೆದುಕೊಂಡು ತಮ್ಮ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ನೋಡುತ್ತಿದ್ದರು. ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗುತ್ತದಂತೆ. ಉದ್ದವಾದದ್ದು ಕಂಡರೆ ಕತ್ತರಿಯಿಂದ ಅಲ್ಲೇ ತುಂಡು ಮಾಡಿ ಕಸದ ಬುಟ್ಟಿಗೆ. ಇದಕ್ಕಿಂತ ದೊಡ್ಡ ಕಥೆ ಮದುವೆಯಾದ ಹೊಸದರಲ್ಲಿ ನಡೆದದ್ದು. ಮಾವನವರದು ದಿನಸಿ ಅಂಗಡಿ. ಅಳಿಯ ಬಂದನೆಂದು ಅವರು ಸ್ಟೂಲು ಒರೆಸಿ ಕೂರಿಸಿ ಕಾಫಿ ಕೊಟ್ಟರು. ಅಳಿಯ ಕಾಫಿ ಕುಡಿದರು, ಲೋಟ ಕೆಳಗಿಟ್ಟರು, ಚೀಲದಿಂದ ಸರ್ಕಾರದ ತೂಕದ ಕಲ್ಲು ತೆಗೆದರು. ಮಾವನವರ ಒಂದು ಕಲ್ಲು ಸವೆದು ಹಗುರವಾಗಿತ್ತು, ಜಪ್ತಿಯಾಯಿತು. ಆ ಮನೆಯಲ್ಲಿ ಇವತ್ತಿಗೂ ಅಳಿಯ ಬಂದರೆ ಕಾಫಿಗೆ ಮೊದಲು ತಕ್ಕಡಿ ಒಳಗೆ ಹೋಗುತ್ತದೆ ಎಂದು ಟೈಲರಮ್ಮನ ತಮ್ಮ ನಗಾಡುತ್ತಾನೆ. ಅವನು ಮೆಕ್ಯಾನಿಕ್. ತಕ್ಕಡಿಯ ಸಹವಾಸವೇ ಬೇಡವೆಂದು ಆ ಕಸುಬು ಹಿಡಿದನಂತೆ.

ಇನ್ನು ಕಾರು. ಮುಂದೆ ದುಂಡನೆಯ ಬಾನೆಟ್ಟು, ಪಕ್ಕದಲ್ಲಿ ಅಗಲದ ಮಡ್‌ಗಾರ್ಡು, ಒಳಗೆ ಸೋಫಾದಂಥ ಸೀಟು. ಎಂಜಿನ್ನಿಗೆ ಇನ್ನೂ ಬೇಕಾದಷ್ಟು ಕಸುವಿತ್ತು, ಆದರೆ ಸಾಹೇಬರು ವೇಗದ ಮೀಟರಿನ ಮುಳ್ಳು ನಲವತ್ತರ ಮೇಲೆ ಏರಲು ಬಿಡುತ್ತಿರಲಿಲ್ಲ. ನೌಕರಿಯಲ್ಲಿದ್ದಾಗ ಅವರಿಗೆ ಕೊಟ್ಟಿದ್ದ ಸರ್ಕಾರಿ ಜೀಪಿನ ಹಿಂಭಾಗದಲ್ಲಿ ‘ವೇಗದ ಮಿತಿ ಗಂಟೆಗೆ ನಲವತ್ತು’ ಎಂದು ಬರೆದಿತ್ತು. ಜೀಪಿನ ಡ್ರೈವರು ಅದನ್ನು ಒಂದು ದಿನವೂ ಓದಿದವನಲ್ಲ. ಸಾಹೇಬರು ಓದಿಬಿಟ್ಟರು, ಗ್ರಹಚಾರ. ಜೀಪು ಹೋಯಿತು, ನೌಕರಿ ಹೋಯಿತು, ನಲವತ್ತು ಉಳಿಯಿತು. ಬಸ್ಸು, ಲಾರಿ, ಹಾಲಿನ ವ್ಯಾನು, ಗಾಳಿ ಹಿಂದಿನಿಂದ ಬೀಸಿದರೆ ಸೈಕಲ್ಲು, ಎಲ್ಲವೂ ಅವರನ್ನು ದಾಟಿ ಹೋಗುತ್ತಿದ್ದವು. ಹೋಗುವವರು ಕಿಟಕಿಯಿಂದ ಬಗ್ಗಿ ನೋಡಿ ನಗುತ್ತಿದ್ದರು. ಸಾಹೇಬರ ಕಣ್ಣು ಮುಳ್ಳಿನ ಮೇಲೆ ಇರುತ್ತಿದ್ದುದರಿಂದ ಆ ನಗು ಟೈಲರಮ್ಮನ ಪಾಲಿಗೇ ಬರುತ್ತಿತ್ತು.

ನಗುವನ್ನು ಆಕೆ ಸಹಿಸಿಕೊಳ್ಳುತ್ತಿದ್ದಳು. ಸಹಿಸಲಾಗದ್ದು ಬೇರೆ ಇತ್ತು. ಆಕೆಯ ದೊಡ್ಡಕ್ಕ ಇದ್ದದ್ದು ಗುಡ್ಡದ ಆಚೆ, ಬಂದರಿನ ಊರಿನಲ್ಲಿ. ತಾಯಿ ಹೋದ ಮೇಲೆ ಟೈಲರಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಈಗ ಅವಳಿಗೆ ಮಂಡಿ ಬಾರದು, ಮೆಟ್ಟಿಲು ಇಳಿಯಲಾರಳು. ಇರುವುದೊಂದು ಕೋಣೆಯ ಮನೆ, ಅದರಲ್ಲೇ ಮಗ, ಸೊಸೆ, ಮೊಮ್ಮಕ್ಕಳು. ರಾತ್ರಿ ಉಳಿಯಲು ಕಾಲು ಚಾಚುವಷ್ಟೂ ಜಾಗವಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೆ ಗುಡ್ಡದ ತಿರುವಿನಲ್ಲಿ ಟೈಲರಮ್ಮನಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ತಿಂಗಳಿಗೊಂದು ಭಾನುವಾರ ಇದೇ ಕಾರು, ಇದೇ ನಲವತ್ತು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುವುದು. ಕತ್ತಲಾದ ಮೇಲೆ ಸಾಹೇಬರಿಗೆ ಕಣ್ಣು ಸರಿಯಾಗಿ ಕಾಣದಿದ್ದುದರಿಂದ ಊಟ ಮಾಡಿ ಕೈ ತೊಳೆಯುತ್ತಿದ್ದಂತೆ ಹೊರಡುವುದು.

ದೊಡ್ಡಕ್ಕ ಮಾತುಗಾರ್ತಿ. ಕೆಳಮನೆಯವರು ಮೆಟ್ಟಿಲು ತಮ್ಮದೆಂದು ಹೂಡಿದ ಮೊಕದ್ದಮೆಯ ಕಥೆಯನ್ನು ಅವಳು ಶುರುಮಾಡಿ ಎಷ್ಟೋ ತಿಂಗಳಾಗಿತ್ತು. ಪ್ರತಿ ಸಲವೂ ವಕೀಲರು ಎದ್ದು ನಿಂತು ಕನ್ನಡಕ ಸರಿಮಾಡಿಕೊಳ್ಳುವ ಹೊತ್ತಿಗೆ ಸಾಹೇಬರು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದರು. ವಕೀಲರು ಒಂದು ತಿಂಗಳು ನಿಂತೇ ಇರಬೇಕು. ಮುಂದಿನ ಸಲ ಕಥೆ ಮತ್ತೆ ಮೊದಲಿನಿಂದ ಶುರು, ಯಾಕೆಂದರೆ ಎಲ್ಲಿ ನಿಂತಿತ್ತೆಂಬುದು ದೊಡ್ಡಕ್ಕನಿಗೆ ಮರೆತಿರುತ್ತಿತ್ತು. ಈಚೆಗೆ ಅವಳಿಗೆ ಬೇರೆ ಸಂಗತಿಗಳೂ ಮರೆಯತೊಡಗಿದ್ದವು. ಒಂದು ಸಲ ಟೈಲರಮ್ಮನನ್ನು ತಾಯಿಯ ಹೆಸರು ಹಿಡಿದು ಕರೆದಳು. ಅಕ್ಕನ ಜೊತೆ ಇನ್ನು ಸಿಗುವ ಹೊತ್ತು ಬೊಗಸೆಯಷ್ಟು, ಅದೂ ರಸ್ತೆಯ ಮೇಲೆಯೇ ಸೋರಿಹೋಗುತ್ತಿದೆ ಎಂದು ಆಕೆಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಕಾರಿನ ಹಿಂಭಾಗ ಊಳಿಡತೊಡಗಿತು. ಮೊದಲು ಗುಡ್ಡ ಹತ್ತುವಾಗ, ಆಮೇಲೆ ಇಳಿಯುವಾಗಲೂ. ಟೈಲರಮ್ಮನ ಮೆಕ್ಯಾನಿಕ್ ತಮ್ಮ ಕಾರಿನಡಿ ನುಗ್ಗಿ, ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ಲನ್ನು ಬಿಚ್ಚಿ ನೋಡಿ, ಕೈಗೆ ಮೆತ್ತಿದ ಎಣ್ಣೆಯಲ್ಲಿ ಉಕ್ಕಿನ ಚೂರುಗಳನ್ನು ತೋರಿಸಿದ.

“ಭಾವ, ಒಳಗೆ ಗೇರಿನ ಹಲ್ಲೇ ಉಳಿದಿಲ್ಲ. ಎಲ್ಲ ಅರೆದು ಪುಡಿಯಾಗಿದೆ.”

“ಹಾಗಾದ್ರೆ ಅದೇ ತರದ್ದು ಇನ್ನೊಂದು ಹಾಕು.”

“ಅದೇ ತರದ್ದು ಎಲ್ಲಿಂದ ತರ್ಲಿ? ಮಾಡಿದ ಕಂಪನಿಯವರೇ ಮರೆತಿದ್ದಾರೆ. ಗುಜರಿಯಲ್ಲಿ ಇದೇ ಕಂಪನಿಯ ಆಮೇಲಿನ ಕಾರೊಂದು ಬಿದ್ದಿದೆ. ಮುಂದೆ ಜಜ್ಜಿಹೋಗಿದೆ, ಹಿಂದಿನ ಆಕ್ಸಲ್ ಚಿನ್ನದ ಹಾಗಿದೆ. ಅದನ್ನ ಕೂರಿಸ್ತೀನಿ.”

ಸಾಹೇಬರು ಉಕ್ಕಿನ ಪಟ್ಟಿ ತೆಗೆದುಕೊಂಡೇ ಗುಜರಿಗೆ ಹೋದರು. ಹೊಸದರ ಅಗಲ ಅಳೆದರು, ಹಳೆಯದರ ಅಗಲ ಅಳೆದರು, ಮುಖ ಸಿಂಡರಿಸಿದರು. “ಒಂದು ಬೆರಳು ಜಾಸ್ತಿ ಇದೆ.”

“ಮದುವೆಯಾದ ಮೇಲೆ ನೀವೂ ಒಂದೆರಡು ಬೆರಳು ಜಾಸ್ತಿ ಆಗಿದ್ದೀರಿ ಭಾವ. ಅಕ್ಕ ಏನಾದ್ರೂ ಅಂದ್ಲಾ?”

ಕಾರು ಗ್ಯಾರೇಜಿನಲ್ಲಿ ಮರದ ದಿಮ್ಮಿಗಳ ಮೇಲೆ ಹಿಂಭಾಗ ಎತ್ತಿಕೊಂಡು ಕೂತಿತು. ತುಕ್ಕು ಹಿಡಿದ ಬೋಲ್ಟುಗಳು ತಿರುಗಲು ಒಪ್ಪದೆ ಗರಗಸಕ್ಕೆ ಕೊರಳೊಡ್ಡಿದವು. ಹಳೆಯ ಆಕ್ಸಲ್ ಧೊಪ್ಪೆಂದು ನೆಲಕ್ಕೆ ಬಿತ್ತು. ಹೊಸದರ ಮೇಲೆ ಸ್ಪ್ರಿಂಗ್ ಪಟ್ಟಿಗಳು ಕೂರುವ ಜಾಗ ಹೊಂದದಿದ್ದುದರಿಂದ ಆ ಜಾಗದ ತಟ್ಟೆಗಳನ್ನು ಕತ್ತರಿಸಿ ಒಳಕ್ಕೆ ಸರಿಸಿ ವೆಲ್ಡ್ ಮಾಡಬೇಕಾಯಿತು. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಶಾಫ್ಟು ಉದ್ದವಾಯಿತೆಂದು ಲೇತಿನ ಅಂಗಡಿಗೆ ಹೋಗಿ ಗಿಡ್ಡವಾಗಿ ಬಂತು. ಬ್ರೇಕಿನ ಪೈಪು ಹೊಸದಾಗಿ ಬಗ್ಗಿಸಿಕೊಂಡಿತು. ಎಲ್ಲದಕ್ಕೂ ಸಾಹೇಬರು ಸ್ಟೂಲು ಹಾಕಿಕೊಂಡು ಕೂತು ಮೇಲ್ವಿಚಾರಣೆ ಮಾಡಿದರು. ಮೆಕ್ಯಾನಿಕ್ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿದ. ವೆಲ್ಡಿಂಗಿನ ಸದ್ದಿಗೆ ಎಂದು ಹೇಳಿದ, ಸಾಹೇಬರು ನಂಬಿದರು.

ಕೆಲಸ ಮುಗಿಯುವ ದಿನ ಟೈಲರಮ್ಮ ಬುತ್ತಿ ತಂದಿದ್ದಳು. ಎದುರಿನ ಗುಜರಿಯವನು ಕಬ್ಬಿಣ ತೂಗುತ್ತಿದ್ದುದನ್ನು ಕಂಡು ಸಾಹೇಬರಿಗೆ ಕೂರಲಾಗಲಿಲ್ಲ, ಅವನ ತಕ್ಕಡಿ ವಿಚಾರಿಸಲು ಎದ್ದು ಹೋದರು. ಮೆಕ್ಯಾನಿಕ್ ತನ್ನ ಕಿವಿಯ ಹತ್ತಿ ತೆಗೆದು ಅಕ್ಕನನ್ನು ಹತ್ತಿರ ಕರೆದ. ಅವನ ಅಂಗೈಯಲ್ಲಿ ಅಂಗಿಯ ಗುಂಡಿಯಷ್ಟು ಗಾತ್ರದ ಹಲ್ಲಿನ ಚಕ್ರವೊಂದಿತ್ತು.

“ಅಕ್ಕ, ಮೀಟರಿನ ಮುಳ್ಳಿಗೆ ಲೆಕ್ಕ ಹೋಗೋದು ಗೇರ್ ಬಾಕ್ಸಿಂದ, ಚಕ್ರದಿಂದ ಅಲ್ಲ. ಹಳೇದ್ರಲ್ಲಿ ಶಾಫ್ಟು ಐದು ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಹೊಸದ್ರಲ್ಲಿ ನಾಲ್ಕು ಸುತ್ತಿಗೇ ಒಂದು. ಈ ಪುಟ್ಟ ಚಕ್ರ ಬದಲಾಯಿಸಿದ್ರೆ ಮುಳ್ಳು ನಿಜ ಹೇಳುತ್ತೆ. ಬದಲಾಯಿಸದಿದ್ರೆ ಮುಳ್ಳು ನಲವತ್ತು ತೋರಿಸುವಾಗ ಕಾರು ಐವತ್ತರಲ್ಲಿ ಓಡ್ತಿರುತ್ತೆ.”

ಟೈಲರಮ್ಮ ಎದುರಿನ ಗುಜರಿಯ ಕಡೆ ನೋಡಿದಳು. ಸಾಹೇಬರು ತಕ್ಕಡಿಯ ಮುಂದೆ ಬಗ್ಗಿ ನಿಂತಿದ್ದರು.

“ಅಪಾಯ ಏನಾದ್ರೂ ಇದೆಯೇನೋ?”

“ಐವತ್ತು ಅಂದ್ರೆ ಹಾಲಿನ ವ್ಯಾನಿನ ಸ್ಪೀಡು. ಹೊಸ ಆಕ್ಸಲ್ಲಿನ ಬ್ರೇಕು ಹಳೇದಕ್ಕಿಂತ ಗಟ್ಟಿ.”

“ಅವರಿಗೆ ಗೊತ್ತಾದ್ರೆ?”

“ಹೇಗೆ ಗೊತ್ತಾಗುತ್ತೆ? ಅವರು ನೋಡೋದು ಮುಳ್ಳನ್ನ. ಕಿಟಕಿಯಾಚೆ ನೋಡಿದ್ದು ಯಾವತ್ತು?”

ಆಕೆ ದರ್ಜಿಯಲ್ಲವೇ, ಬಿಗಿಯಾದ ಅಂಗಿಯ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟು ಸಡಿಲ ಮಾಡುವುದು ಗೊತ್ತಿತ್ತು. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ದೊಡ್ಡಕ್ಕನ ಪಕ್ಕ ಒಂದು ಗಂಟೆ ಹೆಚ್ಚು ಸಿಗುತ್ತದೆ. “ಆ ಚಕ್ರ ನಿನ್ನ ಹತ್ರಾನೇ ಇರ್ಲಿ ಕಣೋ” ಎಂದು ಹೇಳಿ, ಬುತ್ತಿಯ ಮುಚ್ಚಳ ತೆಗೆದು ಗಂಡನನ್ನು ಊಟಕ್ಕೆ ಕೂಗಿದಳು. ಊಟ ಚೆನ್ನಾಗಿಯೇ ಬಡಿಸಿದಳು.

ಮೊದಲ ಭಾನುವಾರ ಕಾರು ಬೆಣ್ಣೆಯ ಹಾಗೆ ಹೋಯಿತು. ಮುಳ್ಳು ನಲವತ್ತರ ಮೇಲೆ ಅಲುಗಾಡದೆ ನಿಂತಿತ್ತು. ಕಿಟಕಿಯಿಂದ ಬರುವ ಗಾಳಿ ಮಾತ್ರ ಟೈಲರಮ್ಮನ ತಲೆಗೂದಲನ್ನು ಹಿಂದೆಂದೂ ಇಲ್ಲದ ಹಾಗೆ ಕೆದರಿತು. ಬಂದರಿನ ಊರು ತಲುಪಿದಾಗ ಸಾಹೇಬರು ಕೈಗಡಿಯಾರ ನೋಡಿದರು, ಅಲುಗಿಸಿ ಕಿವಿಗಿಟ್ಟುಕೊಂಡರು, ಮೀಟರಿನಲ್ಲಿ ಓಡಿದ ದೂರ ನೋಡಿದರು. ದೂರವನ್ನು ಹೊತ್ತಿನಿಂದ ಭಾಗಿಸಿದರು. ನಲವತ್ತರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪುವುದಾದರೂ ಹೇಗೆ, ವೇಗದಲ್ಲಿ ಕದ್ದಷ್ಟನ್ನೇ ಮೀಟರು ದೂರದಲ್ಲೂ ಕದ್ದಿತ್ತು.

“ಗೊತ್ತಾಯ್ತೇನೇ?” ಎಂದರು ಸಾಹೇಬರು. “ರಸ್ತೆ ಗಿಡ್ಡ ಆಗಿದೆ. ಈಗ ಡಾಂಬರು ಹಾಕಿದ್ರಲ್ಲ, ಆಗ ಗುಡ್ಡದ ತಿರುವೆಲ್ಲ ನೇರ ಮಾಡಿದ್ದಾರೆ.”

ತಿರುವುಗಳೆಲ್ಲ ಇದ್ದ ಹಾಗೆಯೇ ಇದ್ದವು. ಬೇಕಾದರೆ ಟೈಲರಮ್ಮನ ಹೊಟ್ಟೆ ಸಾಕ್ಷಿ ಹೇಳುತ್ತಿತ್ತು. ಆಕೆ “ಇರಬಹುದು ರೀ” ಎಂದು ಮೆಟ್ಟಿಲು ಹತ್ತಿದಳು. ಆ ದಿನ ವಕೀಲರು ಕೊನೆಗೂ ಮಾತಾಡಿದರು. ಮೊಕದ್ದಮೆ ಬಿದ್ದುಹೋಯಿತು, ಮೆಟ್ಟಿಲು ದೊಡ್ಡಕ್ಕನಿಗೇ ಉಳಿಯಿತು. ಇಳಿಯಲಾಗದ ಮೆಟ್ಟಿಲಿಗೆ ಎಷ್ಟು ವರ್ಷ ಜಗಳವಾಡಿದೆ ನೋಡು ಎಂದು ದೊಡ್ಡಕ್ಕ ನಕ್ಕಳು. ತಂಗಿಯ ತಲೆ ಬಾಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆದಳು. ಟೈಲರಮ್ಮ ಕಣ್ಣು ಮುಚ್ಚಿ ಕೂತಿದ್ದಳು, ಪರಮಸುಖವಾಗಿತ್ತು.

ರಸ್ತೆ ಗಿಡ್ಡವಾದ ಸುದ್ದಿಯನ್ನು ಸಾಹೇಬರು ಕ್ಷೌರದಂಗಡಿಯಲ್ಲಿ ಹೇಳಿದರು, ಹಾಲಿನ ಬೂತಿನಲ್ಲಿ ಹೇಳಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಂದಿನ ತಿಂಗಳ ಭಾನುವಾರದ ಪ್ರಯಾಣದಲ್ಲಿ ಅವರ ಕಣ್ಣು ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ಮೇಲೆ ಬಿತ್ತು. ಡಾಂಬರಿನ ಜೊತೆ ಹೊಸದಾಗಿ ನೆಟ್ಟು ಬಣ್ಣ ಬಳಿದ ಕಲ್ಲುಗಳು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಮೀಟರು ಒಂದು ಕಿಲೋಮೀಟರನ್ನು ಪೂರ್ತಿ ತೋರಿಸಲಿಲ್ಲ. ಮುಂದಿನ ಕಲ್ಲಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ಸಾಹೇಬರು ಕಾರನ್ನು ಪಕ್ಕಕ್ಕೆ ಹಾಕಿದರು. ಕೆಳಗಿಳಿದು ಒಂದು ಕಲ್ಲಿನ ಸುತ್ತ ತಿರುಗಿ, ಜಪ್ತಿ ಮಾಡುವ ಮುಖ ಮಾಡಿಕೊಂಡು ಬಂದು ಕೂತರು.

“ಮೋಸ ಕಣೇ. ದೊಡ್ಡ ಮೋಸ. ರಸ್ತೆ ಗಿಡ್ಡ ಆದ್ರೂ ಕಂಟ್ರಾಕ್ಟರು ಕಲ್ಲು ಮಾತ್ರ ಮೊದಲಿನಷ್ಟೇ ನೆಟ್ಟಿದ್ದಾನೆ. ಹತ್ತಿರ ಹತ್ತಿರ ನೆಟ್ಟು ಹಳೇ ಉದ್ದಕ್ಕೇ ಬಿಲ್ಲು ಮಾಡಿದ್ದಾನೆ. ಅಕ್ಕಿಯಲ್ಲಿ ತೂಕ ಹೊಡೆಯೋರನ್ನ ನೋಡಿದ್ದೆ, ರಸ್ತೆಯಲ್ಲಿ ಅಳತೆ ಹೊಡೆಯೋನನ್ನ ಇವತ್ತು ನೋಡಿದೆ!”

ಟೈಲರಮ್ಮನಿಗೆ ಬೆವರಿತು. “ಹೋಗ್ಲಿ ಬಿಡಿ ರೀ, ನಮಗ್ಯಾಕೆ” ಎಂದಳು. ಹಾಗೆಂದದ್ದೇ ತಪ್ಪಾಯಿತು. ‘ನಮಗ್ಯಾಕೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಹೇಬರಿಗೆ ಹೊಸ ಹುರುಪು ಬರುತ್ತದೆ. ನಾಳೆ ಬೆಳಿಗ್ಗೆ ರಸ್ತೆ ಇಲಾಖೆಯ ಆಫೀಸಿಗೆ ತಾವೇ ಹೋಗಿ, ಎಂಜಿನಿಯರರನ್ನು ಇದೇ ಕಾರಿನಲ್ಲಿ ಕೂರಿಸಿಕೊಂಡು ಬಂದು ಒಂದೊಂದು ಕಲ್ಲನ್ನೂ ತೋರಿಸುವುದಾಗಿ ಘೋಷಿಸಿದರು. ಆ ಉತ್ಸಾಹದಲ್ಲಿ ಅವರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಅದನ್ನು ನೋಡಿ ಆಕೆಗೆ ಇನ್ನಷ್ಟು ಸಂಕಟವಾಯಿತು.

ಸೋಮವಾರ ಬೆಳಿಗ್ಗೆ ಸಾಹೇಬರು ಶೂಗೆ ಪಾಲಿಶ್ ಹಾಕುತ್ತಿದ್ದರು. ಪೆಟ್ಟಿಗೆಯಿಂದ ನೌಕರಿಯ ಕಾಲದ ಕೋಟು ಹೊರಬಂದಿತ್ತು. ಟೈಲರಮ್ಮ ಮಿಷನ್ನಿನ ಮುಂದೆ ಕೂತು ಒಂದೇ ತೋಳನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದಳು. ಸುಮ್ಮನಿದ್ದರೆ ಆಕೆಯ ಒಂದು ಗಂಟೆ ಉಳಿಯಬಹುದಿತ್ತು. ಆಫೀಸಿನವರು ಮುದುಕನ ಮಾತೆಂದು ಕಿವಿಗೆ ಹಾಕಿಕೊಳ್ಳದೆ ಕಳಿಸಲೂಬಹುದು. ಆದರೆ ಎಂಜಿನಿಯರು ಬಂದೇಬಿಟ್ಟರೆ? ತನ್ನ ಜೀಪಿನ ಮೀಟರಿನಲ್ಲಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡಿಸಿ ನೋಡಿದರೆ? ಜೀವಮಾನವಿಡೀ ಬೇರೆಯವರ ಸುಳ್ಳು ತಕ್ಕಡಿ ಪತ್ತೆಹಚ್ಚಿದ ಮನುಷ್ಯ ಸುಳ್ಳು ಮೀಟರು ಇಟ್ಟುಕೊಂಡು ದೂರು ಕೊಡಲು ಬಂದರೆಂದು ಆ ಗುಮಾಸ್ತರೆಲ್ಲ ಮೇಜು ತಟ್ಟಿ ನಗುತ್ತಾರೆ. ಈ ಮನುಷ್ಯನನ್ನು ನೋಡಿ ಆಕೆ ನಗಬಹುದು, ಆಕೆಯ ತಮ್ಮ ನಗಬಹುದು. ಗುಮಾಸ್ತರು ನಗಕೂಡದು. ಆಕೆ ಮಿಷನ್ ನಿಲ್ಲಿಸಿದಳು.

“ರೀ, ಆಫೀಸಿಗೆ ಹೋಗಬೇಡಿ.”

“ಯಾಕೆ?”

“ಕಲ್ಲು ಸರಿಯಾಗೇ ಇವೆ. ಸುಳ್ಳು ಹೇಳ್ತಿರೋದು ನಮ್ಮ ಮುಳ್ಳು. ಹೊಸ ಆಕ್ಸಲ್ ಹಾಕಿದಾಗ ಮೀಟರಿನ ಚಕ್ರ ಬದಲಾಯಿಸ್ಬೇಕಿತ್ತು. ತಮ್ಮ ಕೇಳ್ದ. ನಾನೇ ಬೇಡ ಅಂದೆ.”

ಸಾಹೇಬರ ಕೈಯಲ್ಲಿ ಬ್ರಷ್ಷು ಹಾಗೇ ನಿಂತಿತು. ಇಲಾಖೆಯವರಿಗೆ ಮೊದಲು ಬರುವ ಪ್ರಶ್ನೆಯೇ ಅವರಿಗೂ ಬಂತು. “ಎಷ್ಟು ವ್ಯತ್ಯಾಸ?”

“ನಲವತ್ತು ಅಂದ್ರೆ ಐವತ್ತು.”

“ಗೊತ್ತಿದ್ದೂ ಸುಮ್ನೆ ಕೂತಿದ್ದೆ?”

“ಗೊತ್ತಿದ್ದೂ ಸುಮ್ನೆ ಕೂತಿದ್ದೆ.”

ಬೈಯುತ್ತಾರೆಂದು ಕಾದಳು. ಬೈದಿದ್ದರೆ ಅಳಬಹುದಿತ್ತು, ಅತ್ತರೆ ಮುಗಿಯುತ್ತಿತ್ತು. ಸಾಹೇಬರು ಕೋಟು ಮಡಿಸಿ ಪೆಟ್ಟಿಗೆಯಲ್ಲಿಟ್ಟರು, ಒಂದೇ ಕಾಲಿಗೆ ಪಾಲಿಶ್ ಆಗಿದ್ದ ಶೂ ಹಾಕಿಕೊಂಡು ಕಾರು ತೆಗೆದುಕೊಂಡು ಹೋದರು. ಊಟದ ಹೊತ್ತಿಗೆ ತಮ್ಮನ ಫೋನು ಬಂತು. “ಅಕ್ಕ, ಭಾವ ಬಂದು ಚಕ್ರ ಹಾಕಿಸ್ಕೊಂಡ್ರು. ಒಂದು ಮಾತೂ ಬೈಲಿಲ್ಲ. ನಂಗೆ ಅದೇ ಭಯ.”

ಆ ತಿಂಗಳು ಮನೆಯಲ್ಲಿ ಮಾತುಗಳೆಲ್ಲ ತೂಗಿಯೇ ಹೊರಬಂದವು. ಉಪ್ಪು ಬೇಕು, ಸಾಬೂನು ಆಗಿದೆ, ಬಾಗಿಲು ಹಾಕು. ಅಷ್ಟು ಬಿಟ್ಟರೆ ಮಿಷನ್ನಿನ ಸದ್ದು. ಭಾನುವಾರ ಹತ್ತಿರ ಬಂದಾಗ ಟೈಲರಮ್ಮ ದೊಡ್ಡಕ್ಕನಿಗೆ ಫೋನು ಮಾಡಿ, “ಈ ಸಲ ಜಾಸ್ತಿ ಹೊತ್ತು ಇರಕ್ಕಾಗಲ್ಲ ಅಕ್ಕ, ಮೊದಲಿನ ಹಾಗೇ” ಎಂದಳು. ಅತ್ತ ಕಡೆಯಿಂದ ದೊಡ್ಡಕ್ಕ, “ಯಾರು ಮಾತಾಡ್ತಿರೋದು?” ಎಂದು ಕೇಳಿದಳು.

ಆ ಭಾನುವಾರ ಇಬ್ಬರೂ ಕಾರು ಹತ್ತಿದರು. ಮುಳ್ಳು ನಲವತ್ತರಲ್ಲಿತ್ತು, ಈಗ ಅದು ನಿಜವಾದ ನಲವತ್ತು. ಹಾಲಿನ ವ್ಯಾನು ದಾಟಿ ಹೋಯಿತು. ಬಸ್ಸು ದಾಟಿ ಹೋಯಿತು, ಕಿಟಕಿಯ ತುಂಬ ಹಲ್ಲುಗಳು. ಗುಡ್ಡ ಹತ್ತಿ ಇಳಿದದ್ದಾಯಿತು. ಆಚೆ ಸಮುದ್ರದವರೆಗೂ ಗೆರೆ ಎಳೆದ ಹಾಗೆ ನೇರವಾದ ರಸ್ತೆ. ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಅಲ್ಲಿ ನಿನಗೆ ಎಷ್ಟು ಹೊತ್ತು ಬೇಕು?”

“ಎಷ್ಟಿದ್ರೂ ಸಾಲಲ್ಲ. ಮೊನ್ನೆ ಫೋನಿನಲ್ಲಿ ಅವಳಿಗೆ ನಾನು ಯಾರಂತ ಗೊತ್ತಾಗ್ಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ಎಂಜಿನ್ನಿನ ದನಿ ಬದಲಾಯಿತು. ಟೈಲರಮ್ಮ ಮೀಟರಿನ ಕಡೆ ನೋಡಿದಳು. ಮುಳ್ಳು ನಲವತ್ತನ್ನು ಬಿಟ್ಟು ಮೇಲೆ ಹೋಗುತ್ತಿತ್ತು. ಸಾಹೇಬರ ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು, ಸ್ಟಿಯರಿಂಗನ್ನು ಜೋತುಬಿದ್ದವರ ಹಾಗೆ ಹಿಡಿದಿದ್ದರು.

“ರೀ, ನಲವತ್ತು ದಾಟ್ತು.”

“ಕಾಣ್ತಿದೆ. ನೋಡ್ಕೊಂಡೇ ದಾಟಿಸ್ತಿದ್ದೀನಿ.” ಮುಳ್ಳು ನಲವತ್ತೈದಕ್ಕೆ ಬಂತು. “ಮುಳ್ಳಿನ ಕೈಲಿ ಸುಳ್ಳು ಹೇಳಿಸೋ ಬದಲು ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ. ಕೊಡ್ತಿರ್ಲಿಲ್ವಾ?”

“ಕೇಳಿದ್ದೆ ರೀ” ಎಂದಳು ಟೈಲರಮ್ಮ. ದನಿಯಲ್ಲಿ ಕೋಪವಿರಲಿಲ್ಲ. “ಹೊರಡುವಾಗ ಪ್ರತಿ ಸಲಾನೂ ಕೇಳಿದ್ದೆ, ಇನ್ನೊಂಚೂರು ಇದ್ದು ಹೋಗೋಣ ಅಂತ. ಎಷ್ಟು ವರ್ಷದಿಂದ ಕೇಳಿದ್ದೀನೋ.”

ಒಂದು ಕಲ್ಲು ಹೋಯಿತು, ಇನ್ನೊಂದು ಕಲ್ಲು ಹೋಯಿತು. ಸಾಹೇಬರು ಮುಂದೆ ನೋಡುತ್ತಲೇ, “ಹೌದು, ನೀನು ಕೇಳ್ತಿದ್ದೆ” ಎಂದರು. “ನನ್ನ ಕಿವಿಗೂ ಬೀಳ್ತಿತ್ತು. ಲೆಕ್ಕಕ್ಕೇ ತಗೊಂಡಿರ್ಲಿಲ್ಲ.”

ಮುಂದೆ ಒಂದು ಲಾರಿ ಮೈಭಾರದಿಂದ ಓಲಾಡುತ್ತ ಹೋಗುತ್ತಿತ್ತು. ಸಾಹೇಬರು ಜೀವಮಾನದಲ್ಲಿ ಒಂದೇ ಒಂದು ಲಾರಿಯನ್ನೂ ಹಿಂದೆ ಹಾಕಿದವರಲ್ಲ. ಹೇಗೆಂಬುದೂ ಗೊತ್ತಿರಲಿಲ್ಲ. ಟೈಲರಮ್ಮ ಗಂಡನ ಕಡೆಗೆ ಬಾಗಿ ಲಾರಿಯ ಬಲಗಡೆಯಿಂದ ಮುಂದಿನ ರಸ್ತೆ ನೋಡಿದಳು, ಎದುರಿನಿಂದ ಯಾರೂ ಬರುತ್ತಿರಲಿಲ್ಲ. “ಹೋಗಿ ರೀ” ಎಂದಳು. ಸಾಹೇಬರು ಹಾರ್ನ್ ಹೊಡೆದು ಬಲಕ್ಕೆ ತಿರುಗಿಸಿದರು.